ಎರಡು ಗಂಟೆ ನಲವತ್ತು ನಿಮಿಷ

ರಾತ್ರಿ ಒಂದೂ ಹತ್ತಕ್ಕೆ ಮೆಷಿನ್ನು ಕೂಗಿತು.
ನೆಲಮಾಳಿಗೆಯ ಲ್ಯಾಬಿನಲ್ಲಿ ನಾನೊಬ್ಬನೇ,
ಲೋಟದ ಚಹಾ ಕೆನೆಗಟ್ಟುತ್ತಿತ್ತು.
ಎಪ್ಪತ್ತು ಬಾಟಲಿಗಳಲ್ಲಿ ಒಂದರ ಬುಡ
ಹಸಿರು ಬಿಟ್ಟು ಹಳದಿಗೆ ತಿರುಗಿತ್ತು.
ಚೀಟಿ ಓದಿದೆ: ಅಜರಾಬಿ, ಐವತ್ತೆರಡು, ಡಯಾಲಿಸಿಸ್,
ನಳಿಕೆಯಿಂದ ತೆಗೆದ ರಕ್ತ.

ಅದರ ಜೋಡಿ, ತೋಳಿನಿಂದ ತೆಗೆದದ್ದು,
ಪಕ್ಕದ ಗೂಡಿನಲ್ಲಿ ಇನ್ನೂ ತೂಗುತ್ತಿತ್ತು
ತೊಟ್ಟಿಲ ಕೂಸಿನ ಹಾಗೆ.
ಅದು ಎದ್ದು ಅತ್ತದ್ದು ಮೂರೂ ಐವತ್ತಕ್ಕೆ.

ಈ ಅಂತರವೇ ನಮಗೆ ಸಾಕ್ಷಿ.
ಎರಡು ಗಂಟೆ ದಾಟಿತೋ, ಕಳ್ಳ ಬಾಗಿಲಲ್ಲೇ ಇದ್ದಾನೆ:
ಕುತ್ತಿಗೆಯ ಬುಡದಲ್ಲಿ ಒಳಗಿಳಿದು
ಹೃದಯದ ಹೊಸ್ತಿಲ ತನಕ ಹೋದ
ಪ್ಲಾಸ್ಟಿಕ್ ನಳಿಕೆಯ ಒಳಗೋಡೆಗೆ
ಬಾವಿಯ ಪಾಚಿಯಂತೆ ಹತ್ತಿಕೊಂಡು.

'ಕಂಟಾಮಿನೇಷನ್ ಇರಬೇಕು ಬಿಡ್ರೀ,' ಅಂದರು
ಡ್ಯೂಟಿ ಡಾಕ್ಟರು. ನಿದ್ದೆ ನಾಲಿಗೆಗೆ ಅಂಟಿತ್ತು.
ತಪ್ಪಲ್ಲ. ವರ್ಷಕ್ಕೆ ನೂರು ಸಲ
ಚರ್ಮದ ಮೇಲಿನ ಬಡಪಾಯಿಗಳನ್ನು
'ಮಹತ್ವವಿಲ್ಲ' ಎಂದು ಬರೆದು ಬಿಸಾಕಿದವನು ನಾನೂ.

ಆದರೆ ತಟ್ಟೆಯ ಮೇಲೆ ಬಂದದ್ದು
ಹಳದಿ,
ನರ್ಗಿಸ್ ಮಂಡಕ್ಕಿ ಕಟ್ಟಿದ ಕಾಗದಕ್ಕೆ
ಎಣ್ಣೆಯ ಜೊತೆ ಇಳಿಯುತ್ತದಲ್ಲ, ಆ ಹಳದಿ.
ಮೂಸಬಾರದೆಂದು ಗೋಡೆಯ ಮೇಲೆ ನಿಯಮವಿದೆ.
ಮೂಸಿದೆ. ಹಣ್ಣಾದ ಯಾವುದೋ ಹಣ್ಣು.
ಕ್ರೈಸಿಯೋಬ್ಯಾಕ್ಟೀರಿಯಮ್.
ಹದಿನೇಳು ವರ್ಷದ ನೌಕರಿಯಲ್ಲಿ ಬರೆದದ್ದು ಮೊದಲ ಸಲ,
ಒಂದಕ್ಷರ ತಪ್ಪಿತು, ಹೊಡೆದುಹಾಕಿ ತಿದ್ದಿದೆ.

ಬೆಳಗ್ಗೆ ಕಿಟಕಿಗೆ ಮಗಳು ಬಂದಳು, ನೌಷೀನ್.
ಓಣಿಯ ಹೊಗೆ ಇನ್ನೂ ಅವಳ ದುಪಟ್ಟಾದಲ್ಲಿತ್ತು.
'ಅಮ್ಮಿ ರಕ್ತದಾಗೆ ಏನೋ ಬೆಳೆದೈತಂತಲ್ರೀ?'
ಹೌದು ಅಂದೆ.
'ನಮಗೆ ಗೇಣು ಹೊಲ ಇಲ್ಲ. ಮೂವತ್ತು ವರ್ಷ
ಭಟ್ಟೀಲಿ ಬಿಸಿ ಮರಳಿಗೆ ಕೈ ಹಾಕಿದಾಕಿ.
ಬೆಳೀ ಬರೋಕೆ ಇದೊಂದೇ ಜಾಗ ಸಿಕ್ತೇನ್ರೀ?'
ಹೋಗುವಾಗ ತಿರುಗಿ ನಿಂತು ಹೇಳಿದಳು:
'ಅಜರಾಬಿ ಅಲ್ರೀ. ಹಜರತ್‌ಬೀ.'

ಮೂರನೇ ದಿನ ಇನ್ನೊಂದು ಬಾಟಲಿ. ಅದೇ ವಾರ್ಡು,
ಹರಿಹರದ ಓಂಕಾರಯ್ಯ ಮೇಷ್ಟ್ರು. ಅದೇ ಹಳದಿ.
ಈಗ ಎಲ್ಲರ ನಿದ್ದೆ ಹಾರಿತು.
ಹತ್ತಿ ಸುತ್ತಿದ ಕಡ್ಡಿ ಹಿಡಿದು ಮೇಲೆ ಹೋದೆ:
ಸ್ಪಿರಿಟ್ಟು, ಸಲೈನು, ಪೈಪು, ಟ್ರಾಲಿಯ ಹಿಡಿಕೆ,
ಸಿಸ್ಟರ್ ಕರಿಬಸಮ್ಮನ ಹತ್ತೂ ಬೆರಳು.
ಕೈ ತೊಳೆಯುವುದರಲ್ಲಿ ಆಕೆ ಇಡೀ ಆಸ್ಪತ್ರೆಗೆ ಹೆಸರು;
ಮೊಣಕೈ ತನಕ, ಗಡಿಯಾರ ನೋಡಿಕೊಂಡು,
ಒಬ್ಬೊಬ್ಬ ರೋಗಿಗೂ ಮುಂಚೆ, ಆಮೇಲೆ.

ಸಿಕ್ಕಿದ್ದು ನಲ್ಲಿಯ ಬಾಯಿಯ ಪುಟ್ಟ ಜಾಲರಿಯಲ್ಲಿ,
ನೀರು ನೊರೆನೊರೆಯಾಗಿ ಮೆತ್ತಗೆ ಬೀಳಲೆಂದು
ಹೋದ ವರ್ಷ ಹೊಸದಾಗಿ ಕೂಡಿಸಿದ್ದರಲ್ಲಿ.
ಕೆರೆಯಲ್ಲಿ, ಮಣ್ಣಲ್ಲಿ, ತೊಟ್ಟಿಯ ಮೂಲೆಯಲ್ಲಿ
ಯಾರ ತಂಟೆಗೂ ಹೋಗದೆ ಬದುಕಿಕೊಂಡಿದ್ದ ಜೀವ.
ಅದಕ್ಕೆ ಹಜರತ್‌ಬೀ ಮೇಲೆ ಹಗೆಯೇನು?
ಒದ್ದೆ ಇತ್ತು, ಬೆಚ್ಚಗಿತ್ತು,
ದಾರಿಯೂ ತೆರೆದಿತ್ತು.

ಕರಿಬಸಮ್ಮ ಸ್ಟೂಲಿನ ಮೇಲೆ ಕೂತಳು,
ಅಂಗೈ ತಿರುವಿ ತಿರುವಿ ನೋಡಿಕೊಂಡಳು.
'ಅಂದ್ರೆ ನಾನು ತೊಳೀದೇ ಇದ್ದಿದ್ರೆ...?'
ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಳಿಕೆ ಕಿತ್ತರು. ಕತ್ತರಿಸಿದ ತುದಿ ನನಗೇ ಬಂತು.
ಚಿಮಟದಲ್ಲಿ ಹಿಡಿದು ತಟ್ಟೆಯ ಮೇಲೆ ಹೊರಳಿಸಿದೆ,
ಒಮ್ಮೆ ಅತ್ತ, ಒಮ್ಮೆ ಇತ್ತ.
ಮರುದಿನ ಅದು ಹೊರಳಿದ ಜಾಡಿನುದ್ದಕ್ಕೂ
ಎಣಿಸಲಾಗದಷ್ಟು ಹಳದಿ ಚುಕ್ಕೆಗಳು.
ಚೆಂದವಿತ್ತು. ಹೇಳಬಾರದು, ಆದರೂ ಚೆಂದವಿತ್ತು.
ಕುದಿಯುವ ಆವಿಯಲ್ಲಿಟ್ಟು ಸುಟ್ಟೆ.

ಓಂಕಾರಯ್ಯ ಮೇಷ್ಟ್ರ ಹೆಸರಿನ ಬಾಟಲಿ ಮತ್ತೆ ಬರಲಿಲ್ಲ.
ಮನೆಗೆ ಕಳಿಸಿದರೋ ಏನೋ. ನಾನು ಕೇಳಿಲ್ಲ.

ಹಜರತ್‌ಬೀದು ಬಂತು. ಚೀಟಿ ಹರಿದು ನಾನೇ ಬರೆದೆ,
ಹಕಾರ ಬಿಡದೆ, ಅರ್ಧ ತಕಾರ ಮರೆಯದೆ.
ಐದು ದಿನ ಐದು ರಾತ್ರಿ ಮೆಷಿನ್ನು ತೂಗಿತು,
ತೂಗಿತು, ಕೂಗಲಿಲ್ಲ.
'ಏನೂ ಬೆಳೆದಿಲ್ಲ' ಎಂದು ಬರೆದು ಸಹಿ ಹಾಕಿದೆ.
ಎದ್ದು ಹೋಗಿ ನಲ್ಲಿ ತಿರುಗಿಸಿದೆ.
ಕೈ ಒಡ್ಡುವ ಮುಂಚೆ
ಸ್ವಲ್ಪ ಹೊತ್ತು ನೀರು ಹರಿಯಲೆಂದು ಬಿಟ್ಟೆ.